ಹಿಂದಿನ ಸೀಟಿಗೆ ಮೂವರು

"ನಡುವೆ ನಾನು ಕೂರ್ತೀನಿ," ಎಂದು ಅಮ್ಮ ಯಾರ ಉತ್ತರಕ್ಕೂ ಕಾಯದೆ ಹೊಸ ಕಾರಿನ ಹಿಂದಿನ ಸೀಟಿಗೆ ನುಗ್ಗಿದಳು. ಅಣ್ಣ ಎಡಗಡೆಯಿಂದ ಹತ್ತಿದ, ಅಕ್ಕ ಬಲಗಡೆಯಿಂದ. ಎರಡು ಬಾಗಿಲೂ ಒಂದೇ ಸಲ ಮುಚ್ಚಿದವು. ಇಬ್ಬರಿಗೂ ಹೊಂದಾಣಿಕೆ ಅಂತ ಇದ್ದದ್ದು ಅಷ್ಟೇ.

ಸ್ಟಿಯರಿಂಗ್ ಹಿಡಿದ ಕಿರಿಯವಳು, ಮನೆಯವರೆಲ್ಲರ ಬಾಯಲ್ಲಿ ಗುಬ್ಬಿ, ಪತ್ರಿಕೆಯೊಂದಕ್ಕೆ ವಾರವಾರ ಹೊಸ ಕಾರುಗಳ ವಿಮರ್ಶೆ ಬರೆಯುವವಳು. 'ಇಡೀ ಕುಟುಂಬಕ್ಕೆ' ಎಂದು ಮಾರುವ ಕಾರಾದರೆ ಹಿಂದೆ ಮೂವರು ದೊಡ್ಡವರನ್ನು ಕೂರಿಸಿ ಒಂದು ಗಂಟೆ ಓಡಿಸಲೇಬೇಕು ಎಂಬುದು ಅವಳ ಸಂಪಾದಕರ ಕಟ್ಟಪ್ಪಣೆ. ಮೂವರು ಯಾರು ಎಂದು ಅವರು ಹೇಳಿರಲಿಲ್ಲ. ಅಕ್ಕ ಬರುತ್ತಾಳೆಂದು ಅಣ್ಣನಿಗೂ, ಅಣ್ಣ ಬರುತ್ತಾನೆಂದು ಅಕ್ಕನಿಗೂ ಗುಬ್ಬಿ ಹೇಳಿರಲಿಲ್ಲ.

ಮೂರು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಎರಡೇ ತಿಂಗಳಿಗೆ, ಅಣ್ಣ ಯಾರನ್ನೂ ಒಂದು ಮಾತು ಕೇಳದೆ ಅಪ್ಪನ ತಿಳಿಹಸಿರು ಕಾರನ್ನು ಗುಜರಿಗೆ ಹಾಕಿದ್ದ. ಅವತ್ತು ಮಾತು ಬಿಟ್ಟ ಅಕ್ಕ ಮತ್ತೆ ಆಡಿರಲಿಲ್ಲ. ಗುಬ್ಬಿಯ ಹತ್ತಿರ ಹೇಳುವಾಗಲೂ ಅವನು ಬರೀ 'ನಿಮ್ಮಣ್ಣ'.

"ಮೊದಲು ಹೊರಗಿನ ಅಂದ. ಹೇಗಿದೆ, ಹೇಳಿ," ಎಂದಳು ಗುಬ್ಬಿ.

"ಮುಂದಿನ ದೀಪ ನೋಡಿದ್ಯಾ? ಕಣ್ಣು ಕಿರಿದು ಮಾಡ್ಕೊಂಡು ಯಾರ ಮೇಲೋ ಮುನಿಸ್ಕೊಂಡ ಹಾಗಿದೆ," ಅಂದ ಅಣ್ಣ.

"ಕಾರಣ ಇದ್ರೆ ಯಾರಾದ್ರೂ ಮುನಿಸ್ಕೋತಾರೆ," ಎಂದು ಅಕ್ಕ ಕಿಟಕಿಗೆ ಹೇಳಿದಳು.

"ನಿಮ್ಮಪ್ಪನ ಕಾರಿಗೆ ಗುಂಡು ದೀಪ," ಎಂದಳು ಅಮ್ಮ. "ಪಾಪದ ಮುಖ."



ಕಾರಿನೊಳಗೆ ಯಾರೂ ಯಾರನ್ನೂ ಏನೂ ಕೇಳುವ ಅಗತ್ಯವೇ ಇರಲಿಲ್ಲ. ತಂಪು ಗಾಳಿಯ ಕಿಂಡಿ ಅವರವರದು, ಓದುವ ದೀಪ ಅವರವರದು, ಬಾಟಲಿ ಇಡುವ ಗೂಡು ಅವರವರದು. ಚಿಕ್ಕವರಿದ್ದಾಗ ಅಪ್ಪನ ಕಾರಿನಲ್ಲಿ ಹಿಂದಿನ ಎರಡು ಕಿಟಕಿಗೂ ಸೇರಿ ಇದ್ದದ್ದು ಒಂದೇ ಹಿಡಿ. ಒಬ್ಬರು ತಿರುಗಿಸಿ ಗಾಜು ಇಳಿಸಿಕೊಂಡ ಮೇಲೆ ಅದನ್ನು ಕಿತ್ತು, ನಡುವೆ ಕೂತ ಗುಬ್ಬಿಯ ತಲೆಯ ಮೇಲಿಂದ ಇನ್ನೊಬ್ಬರಿಗೆ ದಾಟಿಸಬೇಕು. ಸುಮ್ಮನೆ ದಾಟಿಸಿದ್ದು ಯಾವತ್ತೂ ಇಲ್ಲ, ಕಾಡಿಸಿಯೇ ಕೊಡುವುದು. ತಿರುವು ಬಂತೆಂದರೆ ರೆಕ್ಸಿನ್ ಸೀಟಿನ ಮೇಲೆ ಮೂವರೂ ಜಾರಿ ಒಂದೇ ಮೂಲೆಗೆ ಗುಡ್ಡೆ. ಈ ಸೀಟಾದರೋ ಪಕ್ಕದಲ್ಲಿ ಉಬ್ಬಿಕೊಂಡು ಅವರವರನ್ನು ಅವರವರ ಜಾಗದಲ್ಲೇ ಭದ್ರವಾಗಿ ಹಿಡಿದಿತ್ತು. ಗುಬ್ಬಿ ಬೇಕೆಂದೇ ಎರಡು ತಿರುವುಗಳನ್ನು ಜೋರಾಗಿ ತೆಗೆದುಕೊಂಡಳು. ಅಮ್ಮನಿಂದ ಬೈಗುಳ ಸಿಕ್ಕಿತೇ ಹೊರತು ಮಿಕ್ಕ ಇಬ್ಬರೂ ಕದಲಲಿಲ್ಲ.

ಅರ್ಧ ಗಂಟೆಗೆ ಅಮ್ಮ ಸೋತಳು. "ಇಲ್ಲಿ ರಸ್ತೆ ಕಾಣಲ್ಲ, ಹೊಟ್ಟೆ ತೊಳಸ್ತಿದೆ. ಮುಂದೆ ಬರ್ತೀನಿ, ನಿಲ್ಲಿಸೇ."

ಮರವೊಂದರ ನೆರಳಿನಲ್ಲಿ ಗುಬ್ಬಿ ನಿಲ್ಲಿಸಿದಳು. ಅಕ್ಕ ಇಳಿದು ದಾರಿ ಬಿಟ್ಟಳು. ಅಮ್ಮ ಎದ್ದ ಜಾಗದಲ್ಲಿ ಸೀಟು ಒಂದು ಗಳಿಗೆ ತಗ್ಗಾಗಿದ್ದು, ನೋಡನೋಡುತ್ತಿದ್ದಂತೆ ಉಬ್ಬಿ ಮೊದಲಿನಂತೆ ನುಣ್ಣಗಾಯಿತು. ಅಣ್ಣ ಅದರ ಮೇಲೆ ಅಂಗೈ ಇಟ್ಟ. ಒತ್ತಿದ. ಕೈ ತೆಗೆದ. ಮತ್ತೆ ನುಣ್ಣಗೆ. ಅಕ್ಕ ಬಂದು ತನ್ನ ಮೂಲೆಯಲ್ಲಿ ಕೂತಳು.

"ಗುಬ್ಬಿ, ಇದನ್ನ ಬರ್ಕೋ," ಅಂದ ಅಣ್ಣ. "ಈ ಸೀಟಲ್ಲಿ ಯಾರು ಕೂತು ಎದ್ರೂ ಗುರುತು ಉಳಿಯಲ್ಲ."

"ಒಳ್ಳೇದು ಅಂತ ಬರೀಲಾ, ಕೆಟ್ಟದ್ದು ಅಂತಾನಾ?"

"ಒಳ್ಳೇದು." ಅಣ್ಣ ಇನ್ನೊಮ್ಮೆ ಸೀಟು ಸವರಿದ. "ಅಪ್ಪನ ಸೀಟಲ್ಲಿ ಉಳಿದಿತ್ತು. ಅವರು ಕೂತೂ ಕೂತೂ ಬಿದ್ದ ಗುಂಡಿ, ಸ್ವಲ್ಪ ಬಲಕ್ಕೆ ವಾಲಿತ್ತು. ದಿನಾ ಗೇಟು ತೆಗೆಯೋವಾಗ ಕಾರಿನ ಗಾಜಲ್ಲಿ ಕಾಣೋದು. ಓಡಿಸೋಣ ಅಂದ್ರೆ ಅದರ ಮೇಲೆ ಕೂರೋಕೆ ಮನಸ್ಸೇ ಬರ್ಲಿಲ್ಲ. ಕೂತ್ರೆ ಅಳಿಸ್ಹೋಗುತ್ತಲ್ಲ. ಹಾಗೇ ನೋಡ್ತಾ ಇರೋಕೂ ಆಗ್ಲಿಲ್ಲ. ಎರಡು ತಿಂಗಳು ತಡ್ಕೊಂಡೆ."

ಗುಬ್ಬಿ ಗಾಡಿ ಶುರು ಮಾಡಲಿಲ್ಲ. ಅಮ್ಮ ತೊಡೆಯ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು.

"ನಂಗೊಂದು ಮಾತು ಹೇಳಬಾರದಿತ್ತಾ, ಅಣ್ಣ?" ಅಕ್ಕನ ದನಿ ಅವಳಿಗೇ ಹೊಸದಾದಂತೆ ಅಲ್ಲಿಗೇ ತಡೆಯಿತು. ಆಮೇಲೆ, "ನಾನೂ ಒಂದ್ಸಲ ನೋಡ್ತಿದ್ದೆ."

"ನೀನು ಅತ್ತುಬಿಡ್ತೀಯ ಅಂತ..."

"ಈಗೇನು ಅಳದೇ ಇದ್ದೆ ಅನ್ಕೊಂಡ್ಯಾ? ಒಬ್ಬಳೇ ಅತ್ತೆ, ಅಷ್ಟೇ."

ಇಬ್ಬರ ನಡುವೆ ಖಾಲಿ ಸೀಟು. ಅಕ್ಕ ಕಣ್ಣು ಒರೆಸಿಕೊಂಡು, ತನ್ನ ಕೈಚೀಲವನ್ನು ಎತ್ತಿ ಕಿಟಕಿಯ ಬದಿಗೆ ಹಾಕಿ, ಅದಕ್ಕೆ ಜಾಗ ಮಾಡುವವಳ ಹಾಗೆ ನಡುವಿಗೆ ಸರಿದಳು.

"ಗಾಡಿ ತೆಗಿಯೇ," ಎಂದಳು ಅಮ್ಮ, ಹಿಂತಿರುಗಿ ನೋಡದೆ. "ನಿಂದಿನ್ನೂ ಅರ್ಧ ಗಂಟೆ ಬಾಕಿ ಇದೆಯಲ್ಲ."

ಆ ಅರ್ಧ ಗಂಟೆ ಎರಡು ಗಂಟೆಯಾಯಿತು. ಅಪ್ಪ ಕಾರು ಹಿಂದಕ್ಕೆ ತೆಗೆಯುವಾಗ ಕಾಂಪೌಂಡಿಗೆ ಗುದ್ದಿದ್ದು ಅಕ್ಕ ಹಿಂದಿನಿಂದ ಅವರ ಕಣ್ಣು ಮುಚ್ಚಿದ್ದಕ್ಕೆ ಎಂದು ಅಣ್ಣ; ಸುಳ್ಳು, ಮುಚ್ಚಿದ್ದು ಅವನೇ, ಪೆಟ್ಟು ತಿಂದದ್ದು ಮಾತ್ರ ತಾನು ಎಂದು ಅಕ್ಕ. ನನ್ನನ್ನು ಕೇಳಿ ಎಂದು ಅಮ್ಮ. ಅವಳನ್ನು ಯಾರೂ ಕೇಳಲಿಲ್ಲ. ಮನೆಯ ತಿರುವು ಬಂದಾಗ ಗುಬ್ಬಿ ಕಂಡೂ ಕಾಣದವಳಂತೆ ನೇರ ಹೋದಳು.

ಭಾನುವಾರ ವಿಮರ್ಶೆ ಅಚ್ಚಾಯಿತು. ಹೊರಗಿನ ಅಂದಕ್ಕೆ ಏಳು ಅಂಕ, ಸೀಟುಗಳಿಗೆ ಎಂಟು, ಒಳಗಿನ ಜಾಗಕ್ಕೆ ಒಂಬತ್ತು. ಕಂಪನಿ ಬಹಳ ಜಂಬದಿಂದ ಹೇಳಿಕೊಂಡಿದ್ದ 'ಒಳಗಿನ ನಿಶ್ಶಬ್ದ'ದ ಎದುರು ಮಾತ್ರ ಗುಬ್ಬಿ ಬರೆದಿದ್ದಳು: "ಪರೀಕ್ಷಿಸಲು ಹಿಂದೆ ಕೂತವರು ಬಿಡಲಿಲ್ಲ."