ಹನ್ನೊಂದನೇ ಶನಿವಾರದ ಗರಗಸ

"ಇದೂ ಬೇಡ," ಎಂದರು ಲಕ್ಷ್ಮಿದೇವಮ್ಮ.

ಮಾರಾಟಗಾರನ ಕೈ ಸ್ವಿಚ್ಚಿನ ಮೇಲೇ ನಿಂತಿತು. ಆತ ಯಂತ್ರವನ್ನು ಇನ್ನೂ ಚಾಲೂ ಮಾಡಿರಲಿಲ್ಲ.

"ಯಾಕ್ ಮೇಡಂ?"

"ಚೈನ್ ಗರಗಸ ಕಣಪ್ಪ ಇದು. ಒಂದೊಂದು ಸೀಳಿಗೂ ಕಾಲಿಂಚು ಮರ ಹೊಟ್ಟಾಗೋಗತ್ತೆ. ನಾಲ್ಕು ಸಲ ಸೀಳಿದ್ರೆ ಒಂದಿಂಚಿನ ಹಲಗೇನೇ ಪುಡಿ."

ಅದು ಹತ್ತನೇ ಯಂತ್ರ, ಹತ್ತನೇ ಶನಿವಾರ. ಅವರ ಗಂಡ ಕೆಂಪರಾಜು ಸ್ಕೂಟರ್ ತಿರುಗಿಸಿದರು. ಸೊಪ್ಪಿನವಳ ಜೊತೆ ಒಂದು ಕಟ್ಟು ಸೊಪ್ಪಿಗೆ ಹತ್ತು ನಿಮಿಷ ಜಗ್ಗಾಡುವ ಮನುಷ್ಯ, ಹೆಂಡತಿ ಬೇಡವೆಂದ ಒಂದು ಯಂತ್ರದ ಪರವಾಗಿಯೂ ವಾದಿಸಿರಲಿಲ್ಲ. ಅರವತ್ತೆರಡಾಯಿತಲ್ಲ, ಮೆತ್ತಗಾಗಿದ್ದಾರೆ ಎಂದುಕೊಂಡರು ಲಕ್ಷ್ಮಿದೇವಮ್ಮ.

ಮೇ ತಿಂಗಳ ಮಳೆಗೆ ಕೋಣನಕುಂಟೆಯಲ್ಲಿ, ಅವರ ಬಾಡಿಗೆ ಮನೆಗಳ ಹಿಂದಿದ್ದ ಹಲಸಿನ ಮರ ಉರುಳಿತ್ತು. ಯಾವ ಸಾಮಿಲ್ಲಿನವರೂ ಆ ದಿಮ್ಮಿ ಮುಟ್ಟಲಿಲ್ಲ. ಬಟ್ಟೆ ಒಣಹಾಕುವ ಹಗ್ಗಕ್ಕೆಂದು ಬಾಡಿಗೆಯವರು ಇಪ್ಪತ್ತೈದು ವರ್ಷ ಹೊಡೆದ ಮೊಳೆಗಳೆಲ್ಲ ಅದರೊಳಗಿದ್ದವು. ದೊಡ್ಡ ಬ್ಲೇಡು ಹಾಳಾಗುತ್ತದೆ ಎಂದರು.

"ಪುಟ್ಟದೊಂದು ಮಿಷಿನ್ ನಾವೇ ತಗೊಳ್ಳೋಣ. ನೀನೂ ಬಾ, ನೋಡಿ ಹೇಳು," ಎಂದರು ಕೆಂಪರಾಜು.

ನೀನೂ ಬಾ! ಮದುವೆಯಾಗಿ ಮೂವತ್ತನಾಲ್ಕು ವರ್ಷ. ಗಂಡನ ಜೊತೆ ಹೊರಗೆ ಹೋದದ್ದೆಂದರೆ ಆಸ್ಪತ್ರೆಗೆ, ತಿಥಿಗೆ, ನೆಂಟರ ಮದುವೆಗೆ. ಈಗ ನೋಡಿದರೆ ಪ್ರತಿ ಶನಿವಾರ ಹೊಸಕೆರೆಹಳ್ಳಿಯ ಮನೆಯಿಂದ ಸ್ಕೂಟರ್ ಹೊರಡುತ್ತಿತ್ತು. ಒಮ್ಮೆ ಪೀಣ್ಯ, ಒಮ್ಮೆ ಬೊಮ್ಮಸಂದ್ರ. ಬರುವಾಗ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಸಾಲೆ ದೋಸೆ. ಐದನೇ ವಾರ ಗೋಬಿ. ಏಳನೇ ವಾರ, ಕೇಳದೆಯೇ, ಒಂದು ಮೊಳ ಮಲ್ಲಿಗೆ.

ಯಂತ್ರ ಒಪ್ಪಿದರೆ ಶನಿವಾರಗಳು ಮುಗಿದವು. ಹಾಗಾಗಿ ಲಕ್ಷ್ಮಿದೇವಮ್ಮ ವಾರವಿಡೀ ಫೋನಿನಲ್ಲಿ ವಿಡಿಯೊ ನೋಡಿ ತಪ್ಪು ಹುಡುಕಲು ಕಲಿತರು. ಒಂದಕ್ಕೆ ತ್ರೀ-ಫೇಸ್ ಕರೆಂಟ್ ಬೇಕು. ಇನ್ನೊಂದರಲ್ಲಿ ಗರಗಸ ಓಡುವ ಹಳಿ ಎಂಟು ಅಡಿ, ದಿಮ್ಮಿ ಒಂಬತ್ತು. ಮತ್ತೊಂದರಲ್ಲಿ ಬೇರೇನೂ ತಪ್ಪು ಸಿಗದೆ, ಬಣ್ಣ.

"ಬಣ್ಣಕ್ಕೇನಾಗಿದೆ ಆಂಟಿ?" ಎಂದಿದ್ದ ಅಂಗಡಿಯವ.

"ಕಣ್ಣಿಗೆ ಹೊಡೆಯತ್ತೆ. ಗರಗಸ ಹಿಡಿದೋರು ಕಣ್ಣು ಮುಚ್ಕೊಳಕ್ಕಾಗತ್ತಾ?"

ಹನ್ನೊಂದನೇ ಶನಿವಾರ ಜೆ.ಪಿ. ನಗರದಲ್ಲಿ ಸಂಗಮೇಶನೆಂಬಾತನ ಗೋದಾಮು. ಯಂತ್ರ ಕಂಡೊಡನೆ ಲಕ್ಷ್ಮಿದೇವಮ್ಮ ತಪ್ಪು ಹುಡುಕತೊಡಗಿದರು. ಪೆಟ್ರೋಲ್ ಎಂಜಿನ್. ಹಳಿ ಹನ್ನೆರಡು ಅಡಿ. ಬಿಚ್ಚಿದರೆ ಟೆಂಪೋದಲ್ಲಿ ಹಿಡಿಯುತ್ತದೆ. ತೆಳ್ಳನೆಯ ಪಟ್ಟಿ ಬ್ಲೇಡು. ಮೊಳೆ ತಾಗಿ ಕೆಟ್ಟರೆ ಐದು ನಿಮಿಷದಲ್ಲಿ ಬದಲಿಸಬಹುದು. ಬಣ್ಣವೂ ಚೆಂದ.

"ಇದ್ರಾಗ ಏನ್ ತಪ್ಪ ತೆಗೀತೀರಿ, ತೆಗೀರಿ ಅಕ್ಕಾರ," ಎಂದು ಸಂಗಮೇಶ ಎದೆ ಸೆಟೆಸಿ ನಿಂತ.

ಲಕ್ಷ್ಮಿದೇವಮ್ಮ ಯಂತ್ರವನ್ನು ಮೂರು ಸುತ್ತು ಬಂದರು. ಏನೂ ಸಿಗಲಿಲ್ಲ. ಕೆಂಪರಾಜು ಮುಂಗಡ ಕೊಡಲು ಜೇಬು ತಡಕಿದರು. ಅಂಗಿ, ಪ್ಯಾಂಟು, ಮತ್ತೆ ಅಂಗಿ.

"ಎಷ್ಟು ದಪ್ಪದ ದಿಮ್ಮಿ ಹಿಡಿಯತ್ತಪ್ಪ?"

"ಮೂವತ್ತ್ ಇಂಚಿನ ತನಕಾ ರೀ. ನಿಮ್ದೆಷ್ಟ ಐತಿ?"

"ಅಂದಾಜು ಇಪ್ಪತ್ತೆಂಟು," ಎಂದರು ಕೆಂಪರಾಜು.

"ಅಂದಾಜಲ್ಲಿ ಆಗತ್ತೇನ್ರೀ? ಯಲ್ಲಮ್ಮಂಗೆ ಫೋನ್ ಮಾಡಿ ಅಳೆಸ್ತೀನಿ." ಮೂರು ಇಂಚು ಹೆಚ್ಚು ಬಂದರೆ ಸಾಕಿತ್ತು.

"ಅವಳ್ಯಾಕೇ? ನಾಳೆ ನಾನೇ ಹೋಗಿ..."

ಅಷ್ಟರಲ್ಲಿ ಲಕ್ಷ್ಮಿದೇವಮ್ಮ ಗೋದಾಮಿನ ಹೊರಗಿದ್ದರು. ಯಲ್ಲಮ್ಮ ಕೋಣನಕುಂಟೆಯ ಹಿಂದಿನ ಮನೆಯ ಬಾಡಿಗೆಯಾಕೆ; ಮೊದಲ ರಿಂಗಿಗೇ ಎತ್ತಿಕೊಂಡಳು.

"ದಿಮ್ಮಿನಾ? ಅದೆಲ್ಲೈತಕ್ಕ ಈಗ? ಜೂನ್‌ನಲ್ಲೇ ಕೆಂಪರಾಜಣ್ಣ ಬಾಡಿಗೆ ಮಿಷಿನ್ ತರ್ಸಿ ಕುಯ್ಸಿಬಿಟ್ರಲ್ಲ! ಹಲಗೆಯೆಲ್ಲ ನಮ್ ಷೆಡ್ಡಲ್ಲೇ ಅವೆ... ಅಯ್ಯೋ, ನಿಮ್ಗೆ ಹೇಳ್ಬ್ಯಾಡ ಅಂದಿದ್ರು ಕಣಕ್ಕ."

ಲಕ್ಷ್ಮಿದೇವಮ್ಮ ಎರಡು ನಿಮಿಷ ಗೋಡೆಗೆ ಮುಖ ಮಾಡಿ ನಕ್ಕರು. ಆಮೇಲೆ ಹುಬ್ಬು ಗಂಟಿಕ್ಕಿಕೊಂಡು ಒಳಗೆ ಬಂದರು.

"ಮೂವತ್ತಾರು ಇಂಚಂತೆ ರೀ. ಮುಂದಿನ ಶನಿವಾರ ಬೇರೆ ಕಡೆ ನೋಡೋಣ."