ಪಬ್ಬಿನೊಳಗಿನ ಕಂಬ

ವಾರ್ನಿಶ್ ವಾಸನೆ ಬಂದರೆ ಈಗಲೂ ಠಾಣೆ ನಗರದ ನಮ್ಮ ಹೋಟೆಲು ಪಬ್ಬಾದ ಮಧ್ಯಾಹ್ನ ನೆನಪಾಗುತ್ತದೆ.

ಹಳೆಯ ಇಂಗ್ಲಿಷ್ ಪಬ್ಬಿನ ಫೋಟೊ ನೋಡಿ ಅಪ್ಪ ಬಿಳಿ ಗೋಡೆಗಳ ಉದ್ದಕ್ಕೂ ಪ್ಲೈವುಡ್ಡಿನ ಕಪ್ಪು ಕಂಬಗಳನ್ನು ಹೊಡೆಸಿದ್ದರು. "ಅಲ್ಲಿ ಗೋಡೆ ಅಲ್ಲ, ಮರದ ಚೌಕಟ್ಟೇ ಮಾಡಿನ ಭಾರ ಹೊರುವುದಂತೆ. ನಾನೂರು ವರ್ಷ ಆದ್ರೂ ಅಲುಗಾಡ್ಲಿಲ್ಲ" ಎಂದರು.

ಪೂಜೆಗೆ ಬಂದ ಅಜ್ಜ ಕುಂಕುಮದ ಬಟ್ಟಲು ಹಿಡಿದು ನಿಂತರು. ಗಲ್ಲಾದ ಪಕ್ಕದ ಸಾಗುವಾನಿ ಕಂಬಕ್ಕೆ ಕುಂಕುಮ ಇಡದೆ ಅವರು ಎಂದೂ ಒಲೆ ಹಚ್ಚಿದವರಲ್ಲ. ಈಗ ಗಲ್ಲಾವೂ ಅಲ್ಲಿರಲಿಲ್ಲ.

"ನನ್ನ ಕಂಬ ಎಲ್ಲಿ?"

"ಒಳಗೇ ಉಂಟು. ಹಳತಾಗಿತ್ತಲ್ಲ, ಪ್ಲೈವುಡ್ಡಿನಿಂದ ಮುಚ್ಚಿದ್ದೇವೆ" ಎಂದರು ಅಪ್ಪ.

ಅಜ್ಜ ಒಂದೊಂದೇ ಕಪ್ಪು ಕಂಬವನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದರು. ಎಲ್ಲವೂ ಟೊಳ್ಳಾಗಿ ಸದ್ದು ಮಾಡಿದವು. ಒಂದು ಮಾತ್ರ ಮಾಡಲಿಲ್ಲ. ಅದರ ಹಸಿ ವಾರ್ನಿಶ್ ಮೇಲೆಯೇ ಅವರು ಕುಂಕುಮ ಒತ್ತಿದರು. ವಾರ್ನಿಶ್ ಒಣಗಿತು, ಕೆಂಪು ಅಲ್ಲೇ ಉಳಿಯಿತು.