ಮೋಟಾರಿನ ಸುತ್ತು

ವಿದ್ಯುತ್ ಎಂಜಿನಿಯರಿಂಗ್ ಓದಿದವರ ಬಾಯಿಂದ ಬಾಯಿಗೆ ಬಂದಿರುವ ಸಂಗತಿಯಿದು. ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹಳೆಯ ಮೋಟಾರೊಂದಿತ್ತು. ಪೂರ್ಣ ಭಾರ ಹೊತ್ತಾಗ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ಅಳೆದು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಆದರೆ ಅಳೆಯುವ ಗೋಜಿಗೆ ಹೋಗದೆ ಸೀನಿಯರುಗಳ ಪುಸ್ತಕದಿಂದ ಇಳಿಸಿಕೊಳ್ಳುವುದೇ ಅಲ್ಲಿನ ವಾಡಿಕೆ.

ಆ ವರ್ಷ ಒಬ್ಬ ಹುಡುಗಿ ಮಾತ್ರ ತಾನೇ ಅಳೆದಳು. 1392 ಬಂತು. ಉಳಿದವರೆಲ್ಲರ ಪುಸ್ತಕದಲ್ಲಿ 1447 ಇತ್ತು.

“ಏನೇ, ನೀನು ಮುಟ್ಟಿದ ಕೂಡಲೇ ಮೋಟಾರಿಗೂ ತೂಕಡಿಕೆ ಬಂತಾ?” ಎಂದಳು ಗೆಳತಿ. ಎಲ್ಲರೂ ನಕ್ಕರು. ಹುಡುಗಿ ನಾಚಿ, ತನ್ನ ಹಾಳೆಯನ್ನು ಮಡಿಸಿ ಪುಸ್ತಕದೊಳಗೆ ಅಡಗಿಸಿ, ತಾನೂ 1447 ಎಂದೇ ಬರೆದಳು.

ಪ್ರಾಯೋಗಿಕ ಪರೀಕ್ಷೆಗೆ ಬೇರೆ ಊರಿನಿಂದ ಬಂದ ಪ್ರೊಫೆಸರು ಆ ಅಂಕಿಯ ಮೇಲೆ ಬೆರಳಿಟ್ಟರು.

“ಇದು ನೀನೇ ಅಳೆದದ್ದೇನಮ್ಮ?”

“ಹೌದು ಸರ್.”

“ಕಣ್ಣಾರೆ ನೋಡಿದೆಯಾ?”

ಅವಳು ತಲೆ ತಗ್ಗಿಸಿದಳು. “ಇಲ್ಲ ಸರ್. ಸೀನಿಯರ್ ಅಕ್ಕನ ಪುಸ್ತಕದ್ದು. ಅವರಿಗೆ ಅವರ ಸೀನಿಯರು ಕೊಟ್ಟದ್ದಂತೆ. ನಾನು ಅಳೆದದ್ದು ತಪ್ಪು ಬಂದಿತ್ತು. ಫೇಲ್ ಮಾಡಿದರೆ ನನಗೆ ಒಂದು ವರ್ಷ ಹೋಗುತ್ತೆ ಸರ್.”

“ನೀನು ಅಳೆದದ್ದನ್ನು ತೋರಿಸು.”

ತಲೆಯೆತ್ತದೆ ಅವಳು ಮಡಿಸಿದ ಹಾಳೆಯನ್ನು ಚಾಚಿದಳು. ಪ್ರೊಫೆಸರು ಅದನ್ನು ಬಹಳ ಹೊತ್ತು ನೋಡಿದರು. ಬಾಗಿಲ ಕಡೆಗೊಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು.

“ನಿನ್ನದೇ ಸರಿಯಮ್ಮ. ನಾನು ಇಲ್ಲಿ ಓದುತ್ತಿದ್ದಾಗ ಈ ಮೋಟಾರು ಕೆಟ್ಟು ನಿಂತಿತ್ತು. ತೋಚಿದ್ದೊಂದು ಅಂಕಿ ಇರಲೆಂದು 1447 ಬರೆದವನು ನಾನೇ.”